ಇಲಿಗಳ ಕ್ಷೇಮ ಕೇಳುತ್ತಿದ್ದ ಡಾಕ್ಟರು

ಬೆಳಕು ಹರಿಯುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಬಾವಿಯಿಂದ ಹದಿನಾಲ್ಕು ಕೊಡ ನೀರು ತಂದೆ. ಹಂಡೆ ಒಲೆಗೆ ಉರಿ ಹಾಕಿದೆ. ಎಮ್ಮೆ ಹಾಲು ಕರೆದೆ. ನೆನೆಹಾಕಿದ್ದ ಅವರೆಕಾಳು ಹಿತಕಿದೆ. ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿದೆ. ಮಗ್ಗದ ಗುಂಡಿ ಗುಡಿಸುವಾಗ ಸಿಕ್ಕ ಸತ್ತ ಇಲಿಯನ್ನು ಹಳೆಯ ಮೊರಕ್ಕೆ ಎಳೆದುಕೊಂಡು ಹಂಡೆ ಒಲೆಗೆ ಹಾಕಿದೆ. ಕೈ ತೊಳೆದು ಕಾಫಿಗೆ ನೀರಿಟ್ಟೆ. ಮುಂದಿನ ಕೋಣೆಯ ಡಾಕ್ಟರಿಗೆ ಕಾಫಿ ಕೊಟ್ಟೆ.

ಆ ದಿನದ ಕೆಲಸಗಳನ್ನು ಇಪ್ಪತ್ತು ವರ್ಷದ ಮೇಲೂ ಹೀಗೆ ಸಾಲಾಗಿ ಹೇಳಬಲ್ಲೆ. ಮಲಗುವ ಮುಂಚೆ ಅಂದಂದಿನ ಕೆಲಸವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಏನಾದರೂ ಮರೆತಿದ್ದರೆ ಆಗ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಆ ದಿನ ನಾನು ಏನನ್ನೂ ಮರೆತಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಗಂಡ, ಅತ್ತೆ, ಮದುವೆ ಗೊತ್ತಾಗಿದ್ದ ನಾದಿನಿ, ನಾನು, ಇಷ್ಟೇ ಜನ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯನ್ನು ಊರಿನ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಿಗೆ ಕೊಟ್ಟಿದ್ದೆವು. ನೆಲಮಂಗಲದ ಆಚೆಯ ಒಂದು ಹಳ್ಳಿಯವರು. ತಂದೆ ಇಲ್ಲ, ತಾಯಿ ಒಬ್ಬರೇ. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರೇ ಇದ್ದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಊಟ ನಮ್ಮಲ್ಲೇ. ಯುದ್ಧದ ಕಾಲ, ಅಕ್ಕಿ ಸಿಗುವುದು ಕಷ್ಟ; ಮುದ್ದೆಗೆ ಮುಖ ಸಿಂಡರಿಸದ ಡಾಕ್ಟರು ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಹೆರಿಗೆ ಎಂದು ರಾಜಘಟ್ಟದಿಂದ ಕರೆ ಬಂದರೂ ಸೈಕಲ್ ಹತ್ತಿ ಹೊರಡುವರು. ಹಲ್ಲಿ ಕಂಡರೆ ಮಾತ್ರ ಕೋಣೆ ಬಿಟ್ಟು ಓಡುವರು.

ಆಗೆಲ್ಲ ಚಳಿಗಾಲ ಬಂತೆಂದರೆ ಪ್ಲೇಗಿನ ಭಯ. ಪ್ಲೇಗು ಮೊದಲು ಇಲಿಗೆ ಬಂದು ಆಮೇಲೆ ಮನುಷ್ಯರಿಗೆ ಬರುತ್ತದೆ. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಪುರಸಭೆಗೆ ತಿಳಿಸಬೇಕು. ತಿಳಿಸಿದರೆ ಆಳುಗಳು ಬಂದು ಹೆಂಚು ಇಳಿಸಿ ಮನೆಯೊಳಕ್ಕೆ ಬಿಸಿಲು ಬಿಡುತ್ತಾರೆ. ಬೀದಿಯವರೆಲ್ಲ ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಹಾಗಾಗಿ ಇಲಿ ಬಿದ್ದ ಮನೆಯವರು ಯಾರೂ ತಾವಾಗಿ ಬಾಯಿ ಬಿಡುತ್ತಿರಲಿಲ್ಲ. ಡಾಕ್ಟರು ಬಂದ ಹೊಸದರಲ್ಲಿ ಮನೆಮನೆಗೆ ಹೋಗಿ “ಇಲಿ ಬಿತ್ತಾ?” ಎಂದು ಕೇಳಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದಕ್ಕೇ ಅವರು ಮಾತು ಬದಲಾಯಿಸಿದರು. ದಿನಾ ಬೆಳಿಗ್ಗೆ ಕಾಫಿ ಲೋಟ ತೆಗೆದುಕೊಳ್ಳುವಾಗ ಗಂಭೀರವಾಗಿ ಕೇಳುವರು: “ಅಕ್ಕಾ, ನಿಮ್ಮನೆ ಇಲಿಗಳು ಸೌಖ್ಯವಾ?”

“ಸೌಖ್ಯ ಡಾಕ್ಟ್ರೇ. ನಿಮ್ಮನ್ನ ಕೇಳಿದ್ವು” ಎನ್ನುತ್ತಿದ್ದೆ ನಾನು.

ಅತ್ತೆ ಒಳಗಿನಿಂದಲೇ ಕೂಗುವರು: “ಏನಪ್ಪಾ ಡಾಕ್ಟ್ರೇ, ಇಲಿ ಮ್ಯಾಲಿರೋ ಪ್ರೀತಿ ಒಂದು ಹೆಣ್ಣಿನ ಮ್ಯಾಲಿದ್ದಿದ್ರೆ ಇಷ್ಟೊತ್ತಿಗೆ ಎರಡು ಮಕ್ಳಾಗೋವು!”

“ನಿಮ್ಮಂಥ ಅತ್ತೆ ಸಿಗ್ಲಿಲ್ವಲ್ಲಮ್ಮ!”

“ಸಿಕ್ಕಿದ್ರೆ ಊರು ಬಿಟ್ಟೋಗ್ತಿದ್ದೆ ಕಣಪ್ಪ.”

ಇಲಿ ಬಿದ್ದ ಆ ಪುಷ್ಯ ಮಾಸದಲ್ಲಿ ನಮ್ಮ ಮನೆಯ ಮಗ್ಗದ ಮೇಲೆ ನಾದಿನಿಯ ಧಾರೆ ಸೀರೆ ಇತ್ತು. ಮಾಘದಲ್ಲಿ ಲಗ್ನ. ನಮ್ಮಲ್ಲಿ ಮನೆಮಗಳ ಧಾರೆ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯಬೇಕು, ಹಾಸಿನ ನೂಲು ಹೂಡಿದ ಮೇಲೆ ನಡುವೆ ಕೊಯ್ಯಬಾರದು. ಕೊಯ್ದರೆ ಹುಡುಗಿಯ ತಾಳಿಯನ್ನೇ ಕೊಯ್ದ ಹಾಗೆ. ಗುಂಡಿಯಲ್ಲಿ ಹೂಡಿದ ಮಗ್ಗವನ್ನು ಹೊತ್ತುಕೊಂಡು ಹೊಲಕ್ಕೆ ಹೋಗಲಾಗುತ್ತದೆಯೇ? ಅವಳಿಗೆ ಹಿಂದಿನ ವರ್ಷ ಗೊತ್ತಾಗಿದ್ದ ಸಂಬಂಧ ಬೇರೆ ಮುರಿದುಬಿದ್ದಿತ್ತು.

ಆ ಬೆಳಿಗ್ಗೆ ಸತ್ತ ಇಲಿಯ ಮೊರ ಹಿಡಿದು ನಿಂತಿದ್ದ ನನ್ನನ್ನು ಅತ್ತೆ ನೋಡಿದರು.

“ಎಲ್ಲಿತ್ತು?”

“ಮಗ್ಗದ ಗುಂಡೀಲಿ.”

“ಬೆಕ್ಕು ಹಿಡಿದಿರ್ಬೇಕು.”

“ಗಾಯ ಇಲ್ಲ ಅತ್ತೆಮ್ಮ.”

“ನೀನೇನು ಡಾಕ್ಟ್ರಾ? ಒಲೆಗೆ ಹಾಕು. ಇನ್ನು ಮೂರು ಮೊಳ, ಆಮೇಲೆ ಸೆರಗು. ಹತ್ತು ದಿನ ಬಾಯಿ ಮುಚ್ಕೊಂಡಿರು. ಈ ಸರ್ತೀನೂ ಮುರಿದುಬಿದ್ರೆ ಅವಳನ್ನ ಯಾರೇ ಕೇಳ್ತಾರೆ?”

ಗಂಡ ಗುಂಡಿಯ ಅಂಚಿನಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ಕಾಲು ಗುಂಡಿಗೆ ಇಳಿಬಿಟ್ಟು ಲಾಳಿ ತಳ್ಳಿದರು.

ವಾಸನೆ ಬರುತ್ತದೆಂದು ಅತ್ತೆ ಒಲೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದರು. ಮನೆಯೆಲ್ಲ ಘಾಟು. ಡಾಕ್ಟರು ಸೀನುತ್ತ ಬಾಗಿಲಿಗೆ ಬಂದರು. “ಏನಕ್ಕಾ ಇದು?”

“ಮದ್ವೆ ಹುಡುಗಿಗೆ ದೃಷ್ಟಿ ತೆಗೆದ್ವಿ.”

“ದೃಷ್ಟಿ ಹೋಯ್ತೋ ಇಲ್ವೋ, ನನ್ನ ಮೂಗಂತೂ ಹೋಯ್ತು” ಎಂದು ನಕ್ಕರು. ಕಾಫಿ ಲೋಟಕ್ಕೆ ಕೈ ಚಾಚಿದರು. “ಇಲಿಗಳು ಸೌಖ್ಯವಾ?”

“ಸೌಖ್ಯ ಡಾಕ್ಟ್ರೇ” ಎಂದೆ.

‘ನಿಮ್ಮನ್ನ ಕೇಳಿದ್ವು’ ಎಂಬ ಮಾತು ಬಾಯಿಗೆ ಬರಲಿಲ್ಲ. ಅದನ್ನು ಅವರು ಗಮನಿಸಲಿಲ್ಲ. ಗಮನಿಸಬಾರದಿತ್ತೇ ಎಂದು ಎಷ್ಟೋ ಸಲ ಅವರ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೇನೆ. ನಮ್ಮ ತಪ್ಪಿಗೆ ನಾವು ಸಿಟ್ಟಾಗುವುದೂ ಸತ್ತವರ ಮೇಲೆಯೇ.

ಪ್ಲೇಗಿನ ಸೂಜಿಮದ್ದು ಬೆಂಗಳೂರಿನಿಂದ ಬರಬೇಕಿತ್ತು. ಇಲಿ ಬಿದ್ದ ವರದಿಯಿರುವ ಊರಿಗೆ ಮೊದಲು, ಮಿಕ್ಕವರಿಗೆ ಆಮೇಲೆ. ಡಾಕ್ಟರು ಹಿಂದಿನ ವರ್ಷ ಹಾಕಿಸಿಕೊಂಡಿದ್ದರ ಬಲ ತೀರಿತ್ತು. “ಊರಲ್ಲಿ ಇಲಿ ಬಿದ್ದಿಲ್ಲ ಅಂತ ಬರೆದು ಕಳಿಸ್ಬಿಟ್ಟೆ ಅಕ್ಕಾ. ನಮ್ಮೂರಿನ ಪುಣ್ಯ” ಎಂದು ಆ ವಾರ ಅವರೇ ಹೇಳಿದರು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ನಾಲ್ಕನೇ ದಿನ ಮತ್ತೊಂದು ಇಲಿ ಬಿತ್ತು, ಅವರ ಕೋಣೆಗೂ ಮಗ್ಗಕ್ಕೂ ನಡುವಿನ ಗೋಡೆಯ ಬುಡದಲ್ಲಿ. ಗಂಡ ಅದನ್ನು ಹಿತ್ತಲ ನಿಂಬೆಗಿಡದ ಬುಡದಲ್ಲಿ ಹೂತರು. ಆ ಗೋಡೆಯ ಆಚೆ ಡಾಕ್ಟರು ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಮಗ್ಗದ ಸದ್ದು ಕೇಳುತ್ತಿದ್ದರೆ ಚೆನ್ನಾಗಿ ನಿದ್ದೆ ಬರುತ್ತದೆಂದು ಚಾಪೆಯನ್ನು ಅಲ್ಲಿಗೇ ಎಳೆದುಕೊಂಡಿದ್ದರು.

ಅದರ ಮಾರನೇ ದಿನ ಭಾನುವಾರ. ಅವರು ಬಂದು ಗುಂಡಿಯ ಅಂಚಿನಲ್ಲಿ ಕೂತರು. ಹೇಳಿಬಿಡಬೇಕೆಂದು ನಾನು ಕಂಡಿಕೆ ಬುಟ್ಟಿ ಹಿಡಿದು ನಿಂತಿದ್ದೆ.

“ಅಣ್ಣಾ, ಧಾರೆ ಸೀರೇಲಿ ನನ್ದೂ ಒಂದು ಎಳೆ ಇರ್ಲಿ” ಎಂದು ಗಂಡನ ಕೈಯಿಂದ ಲಾಳಿ ತೆಗೆದುಕೊಂಡು ತಳ್ಳಿದರು. ಅಂಚಿನ ಹತ್ತಿರ ಒಂದು ಎಳೆ ತಪ್ಪಿ ಗಂಟಾಯಿತು.

“ಅಯ್ಯೋ, ಕೆಡಿಸ್ಬಿಟ್ರಿ!” ಎಂದಳು ನಾದಿನಿ.

“ಇರ್ಲಿ ಕಣಮ್ಮ. ಗಂಡನ ಮನೇಲಿ ಯಾರಾದ್ರೂ ಕೇಳಿದ್ರೆ ಡಾಕ್ಟ್ರು ಹಾಕಿದ ಹೊಲಿಗೆ ಅನ್ನು.”

ಎಲ್ಲರೂ ನಕ್ಕರು. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಂಡಿಕೆ ಬುಟ್ಟಿ ಇಟ್ಟು ಒಳಗೆ ಹೋದೆ.

ಒಂಬತ್ತನೇ ದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. “ಅಕ್ಕಾ, ಹೊಸಿಲು ದಾಟ್ಬೇಡಿ. ಅಲ್ಲೇ ಇಡಿ” ಎಂದರು. ಮುಖ ಕೆಂಪಾಗಿತ್ತು. ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿದೆ ಎಂದು ತಾವೇ ಹೇಳಿದರು, ಬೇರೆ ಯಾರದೋ ಕಾಯಿಲೆ ಹೇಳುವ ಹಾಗೆ.

“ಬೈಯೋದಿಲ್ಲ ಅಕ್ಕಾ. ಬೀದಿಯವರಿಗೆ ಮದ್ದು ತರಿಸ್ಬೇಕು. ನಿಜ ಹೇಳಿ. ಬಿತ್ತಾ?”

“ಬಿತ್ತು ಡಾಕ್ಟ್ರೇ. ಎರಡು.”

“ಯಾವತ್ತು?”

ಹೇಳಿದೆ. ಬೆರಳು ಮಡಿಸುತ್ತ ಎಣಿಸಿದರು.

“ಸೌಖ್ಯ ಅಂದ್ರಲ್ಲ ಅಕ್ಕಾ.”

ಇಷ್ಟೇ ಅಂದದ್ದು. ಆಮೇಲೆ ಕೂತುಕೊಂಡು ಚೀಟಿ ಬರೆದರು: ಇಲಿ ಬಿದ್ದಿದೆ, ಬೀದಿ ಖಾಲಿ ಮಾಡಿಸಿ, ಸೂಜಿಮದ್ದನ್ನೂ ಹೊಸದಾಗಿ ಬಂದಿರುವ ಮಾತ್ರೆಗಳನ್ನೂ ಬೆಂಗಳೂರಿನಿಂದ ತಕ್ಷಣ ತರಿಸಿ. ಬಿದ್ದದ್ದು ನಮ್ಮ ಮನೆಯಲ್ಲಿ ಎಂದು ಬರೆದರು, ಎಂಟು ದಿನದಿಂದ ಮುಚ್ಚಿಟ್ಟರು ಎಂದು ಬರೆಯಲಿಲ್ಲ. ಚೀಟಿಯನ್ನು ಹೊಸಿಲಾಚೆ ತಳ್ಳಿ, “ಅಣ್ಣನ ಕೈಲಿ ಈಗ್ಲೇ ಪುರಸಭೆಗೆ ಕಳಿಸಿ” ಎಂದರು.

ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಸೆರಗು ಒಂದು ಗೇಣು ಉಳಿದದೆ. ಸಂಜೆ ಹೊತ್ಗೆ ಇಳಿಸ್ತಾನೆ. ಆಮೇಲೆ ಕೊಡೋಣ.”

“ಅತ್ತೆಮ್ಮ, ಡಾಕ್ಟ್ರು ಈಗ್ಲೇ ಅಂದ್ರು.”

“ಈಗ ಕೊಟ್ರೆ ಈಗ್ಲೇ ಬರ್ತಾರೆ ಹೆಂಚು ಕೀಳಕ್ಕೆ. ಒಂದು ಹಗಲಿಗೆ ಏನಾಗ್ಬಿಡ್ತದೆ? ಗಟ್ಟಿ ಹುಡುಗ ಅವನು.”

ನಾನು ಅವರ ಸೊಂಟದಿಂದ ಚೀಟಿ ಕಿತ್ತುಕೊಂಡು ನಾಲ್ಕು ಬೀದಿ ಓಡಬಹುದಿತ್ತು. ಪುರಸಭೆ ನಾನು ನೀರು ತರುವ ಬಾವಿಗಿಂತ ಸ್ವಲ್ಪವೇ ದೂರ. ಓಡಲಿಲ್ಲ. ಗಂಡ ಊಟಕ್ಕೂ ಏಳದೆ ನೇಯ್ದರು. ಗೋಡೆಯ ಆಚೆ ಡಾಕ್ಟರು ನರಳುತ್ತಿದ್ದರು, ಈಚೆ ಲಾಳಿ ಓಡುತ್ತಿತ್ತು. ಮಗ್ಗ ನಡೆಯುತ್ತಿದೆಯೆಂದರೆ ಚೀಟಿ ಹೋಗಿಲ್ಲವೆಂದು ಅವರಿಗೆ ತಿಳಿದಿರಲೇಬೇಕು. ಒಂದು ಸಲವೂ ಕೂಗಲಿಲ್ಲ. ನಾನು ಎರಡು ಸಲ ಗಂಜಿ ಇಟ್ಟು ಬಂದೆ. ಹೊಸಿಲಿನ ಮೇಲೆ ಹಾಗೇ ಇತ್ತು.

ಸಂಜೆ ಸೀರೆ ಇಳಿಸಿ, ಇಲಿ ಕಡಿಯದಂತೆ ಕಂಚಿನ ಪಾತ್ರೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಗಂಡ ಚೀಟಿ ಕೊಟ್ಟು ಬಂದರು. ಆ ದಿನದ ಬಸ್ಸು ಹೋಗಿಯಾಗಿತ್ತು. ಮಾರನೇ ದಿನ ಆಳುಗಳು ಬಂದರು, ಹೆಂಚು ಇಳಿಯಿತು, ಡಾಕ್ಟರನ್ನು ಅವರದೇ ಆಸ್ಪತ್ರೆಯ ಹಿಂಭಾಗದ ಕೊಠಡಿಗೆ ಸಾಗಿಸಿದರು. ನಾವು ಹೊಲದ ಗುಡಿಸಲಿಗೆ ಹೋದೆವು. ಎರಡು ದಿನ ಕಳೆದು ಬೆಳಗಿನ ಹೊತ್ತು ಅವರು ಹೋದರು. ಮಾತ್ರೆಗಳು ಅದೇ ದಿನ ಮಧ್ಯಾಹ್ನ, ಪೆಟ್ರೋಲ್ ಇಲ್ಲದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬಂದವು. ನಮಗೆಲ್ಲ ಸೂಜಿ ಚುಚ್ಚಿದರು. ನಮ್ಮ ನಾಲ್ವರಲ್ಲಿ ಯಾರಿಗೂ ಒಂದು ಸೀನು ಕೂಡ ಬರಲಿಲ್ಲ.

ಆ ಮಾತ್ರೆ ಒಂದು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಆಮೇಲೆ ಬಂದ ಡಾಕ್ಟರನ್ನು ಒಮ್ಮೆ ಕೇಳಿದೆ. “ಹೇಳೋಕಾಗಲ್ಲಮ್ಮ. ಉಳಿದವರೂ ಇದಾರೆ” ಎಂದರು. ಖಂಡಿತ ಸಾಯುತ್ತಿದ್ದರು ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಈಗ ಆಸ್ಪತ್ರೆಯ ಗೋಡೆಯ ಮೇಲೆ ನಮ್ಮ ಡಾಕ್ಟರ ಪಟ ಇದೆ. ರೋಗಿಗಳ ಸೇವೆ ಮಾಡುತ್ತ ರೋಗ ತಗುಲಿ ಪ್ರಾಣ ಕೊಟ್ಟವರು ಎಂದು ಕೆಳಗೆ ಬರೆಸಿದ್ದಾರೆ. ಹಾರ ಹಾಕಿದ ದಿನ ನಮ್ಮ ಬೀದಿಯವರೆಲ್ಲ ಮುಂದಿನ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡರು. ಅವರಲ್ಲಿ ಮೂರು ಮನೆಯವರು ಆ ಪುಷ್ಯದಲ್ಲಿ ತಮ್ಮ ಮನೆಯ ಇಲಿಗಳನ್ನೂ ಹೂತಿದ್ದರೆಂದು ಹೊಲದ ಗುಡಿಸಲುಗಳಲ್ಲಿ ಮಾತಾಡುವಾಗ ಹೊರಬಿದ್ದಿತ್ತು. ನಮ್ಮ ಡಾಕ್ಟರು ಆ ವರ್ಷ ಪ್ಲೇಗಿನ ರೋಗಿ ಒಬ್ಬರನ್ನೂ ಮುಟ್ಟಿರಲಿಲ್ಲ. ಅವರೇ ಮೊದಲನೆಯವರು. ಈ ಮಾತನ್ನು ನಾನು ಅಲ್ಲಿ ಹೇಳಲಿಲ್ಲ. ನಾದಿನಿಯ ಮದುವೆ ಮುಂದಿನ ವರ್ಷ ಅದೇ ಹುಡುಗನ ಜೊತೆ ಹೊಸಕೋಟೆಯಲ್ಲಿ ನಡೆಯಿತು. ಒಂದು ವರ್ಷ ಕಾಯುತ್ತೇವೆಂದು ಗಂಡಿನವರೇ ಹೇಳಿ ಕಳಿಸಿದ್ದರು. ಕೇಳಿದ್ದರೆ ಮೊದಲೇ ಹೇಳುತ್ತಿದ್ದರೋ ಏನೋ. ನಾವು ಕೇಳಿರಲಿಲ್ಲ.

ಡಾಕ್ಟರು ತೀರಿಕೊಂಡಾಗ ಅವರ ತಾಯಿ ಎತ್ತಿನ ಗಾಡಿ ಹಿಡಿದು ಬಂದು ಮುಟ್ಟುವ ಹೊತ್ತಿಗೆ ಬೆಂಕಿ ಕೊಟ್ಟಾಗಿತ್ತು. ಕೊಳ್ಳಿ ಇಟ್ಟವರು ನನ್ನ ಗಂಡ. ಆಕೆ ಎಲ್ಲಿಗೆ ಹೋಗಬೇಕು? ಮಗ ಉಂಡ ಮನೆಯವರು ಎಂದು ನಮ್ಮ ಗುಡಿಸಲಿಗೇ ಬಂದರು. ಗುಡಿಸಲಿನ ಗೂಟಕ್ಕೆ ನೇತುಹಾಕಿದ್ದ ಕಂಚಿನ ಪಾತ್ರೆಯ ಬಾಯಲ್ಲಿ ಇಣುಕುತ್ತಿದ್ದ ಸೀರೆಯ ಅಂಚು ಅವರ ಕಣ್ಣಿಗೆ ಬಿತ್ತು.

“ಅದೇನಾ ಧಾರೆ ಸೀರೆ? ಅವನು ಕಾಗದದಲ್ಲಿ ಬರೆದಿದ್ದ.”

ನಾದಿನಿ ಅಳುತ್ತ ತೆಗೆದುಕೊಟ್ಟಳು. ಆಕೆ ಅಂಚಿನ ಉದ್ದಕ್ಕೂ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. “ಇಲ್ಲಿ ಎಳೆ ತಪ್ಪಿದೆ.”

“ನಿಮ್ಮ ಮಗ ನೇಯ್ದದ್ದಮ್ಮ” ಎಂದೆ. ಆಕೆ ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ.

“ಒಂದ್ಮಾತು ಕೇಳ್ತೀನಿ ತಾಯಿ. ಔಷಧ ಒಂದು ದಿನ ತಡವಾಗಿ ಬಂತು ಅಂದ್ರು ಆಸ್ಪತ್ರೇಲಿ. ನನ್ನ ಮಗ ಚೀಟಿ ಬರೆಯೋಕೆ ಸೋಮಾರಿತನ ಮಾಡಿದ್ನಾ? ಅವನು ತನ್ನ ಕೆಲಸಕ್ಕೆ ಯಾವಾಗ್ಲೂ ತಡ.”

ಅತ್ತೆ ಒಲೆಯ ಹತ್ತಿರ ತಲೆ ಎತ್ತಿದರು. ಗಂಡ ಹೊರಗೆ ಎದ್ದು ಹೋದರು.

“ಇಲ್ಲಮ್ಮ, ಕಂಡ ದಿನಾನೇ ಬರೆದ್ರು” ಎಂದೆ. ಅಲ್ಲಿವರೆಗೆ ನಿಜ. “ಬಸ್ಸು ಕೆಟ್ಟಿತ್ತಂತೆ.”

“ಹಾಗಾದ್ರೆ ಯಾರ ತಪ್ಪೂ ಅಲ್ಲ ಬಿಡಮ್ಮ” ಎಂದರು ಆಕೆ. ಆಮೇಲೆ ಕೇಳಿದರು: “ನಿಮ್ಮನೇಲಿ ಅವನು ಏನು ಇಷ್ಟಪಟ್ಟು ಉಣ್ತಿದ್ದ?”

ಅದನ್ನೇ ಮಾಡಿದೆ. ಮುದ್ದೆ, ಹಿತಕಿದ ಬೇಳೆ ಸಾರು. ಅತ್ತೆ ಒಂದು ಮುದ್ದೆ ಉಂಡು ಇನ್ನರ್ಧ ಹಾಕಿಸಿಕೊಂಡರು. ಗಂಡ ಮಜ್ಜಿಗೆ ಕುಡಿದು ಎದ್ದರು. ನಾದಿನಿ ಸಾರು ಮುಟ್ಟಲಿಲ್ಲ. ಡಾಕ್ಟರ ತಾಯಿ ನನ್ನ ಕೈಯಿಂದ ಅರ್ಧ ಮುದ್ದೆ ಇಸಿದುಕೊಂಡು, ಉಪ್ಪು ಸರಿಯಾಗಿದೆ ಎಂದು ಹೇಳಿ, ಬಿಡದೆ ಉಂಡರು. ನಾನು ತಳದಲ್ಲಿ ಉಳಿದ ಸಾರಿಗೆ ನೀರು ಬೆರೆಸಿಕೊಂಡು ಕುಡಿದೆ. ಸೀಮೆಎಣ್ಣೆ ಇರಲಿಲ್ಲ, ಕತ್ತಲಾದೊಡನೆ ಎಲ್ಲರೂ ಒರಗಿಕೊಂಡೆವು. ಮೊದಲು ನಿದ್ದೆ ಹೋದವರು ಡಾಕ್ಟರ ತಾಯಿ.