ಮೆಹಬೂಬಿಯ ಸರದಿ ನುಂಗಿದ ವಂದನಾರ್ಪಣೆ

ತಪ್ಪು ಮಾಡಿದ್ದು ಸಂಗೀತ ಕಾರ್ಯಕ್ರಮದ ಸಮಿತಿ. ಅದನ್ನು ಅನುಭವಿಸಿದವಳು ಬ್ಯಾಡಗಿಯ ಮೆಹಬೂಬಿ. ರಾಣೆಬೆನ್ನೂರಿನ ಸಭಾಂಗಣದಲ್ಲಿ, ತಂದೆಯ ಕಣ್ಣೆದುರೇ, ಕ್ಲಾರಿನೆಟ್ಟಿಗೆ ತುಟಿ ಹಚ್ಚಿ ಕುಳಿತಿದ್ದ ಆ ಹುಡುಗಿಯ ಸರದಿಯನ್ನು ಕಸಿದುಕೊಳ್ಳಲಾಯಿತು. ಕಸಿದವರೇ ಅವಳಿಗೆ ಶಾಲು ಹೊದಿಸಿದರು. ನಮ್ಮಲ್ಲಿ ಅನ್ಯಾಯಕ್ಕೂ ಹೂಮಾಲೆಯ ವ್ಯವಸ್ಥೆ ಇರುತ್ತದೆ.

ನಾನು ಮನವಿಪತ್ರಗಳ ಮನುಷ್ಯ. ಹಾವೇರಿಯಲ್ಲಿ ನನ್ನ ಮನವಿ ತಲುಪದ ಕಚೇರಿ ಇರಲಿಕ್ಕಿಲ್ಲ. “ಇವತ್ತು ಯಾರ ಮ್ಯಾಲ ಬರಿಯಾವ್ರು?” ಎಂದು ಕೇಳಿಯೇ ನನ್ನ ಹೆಂಡತಿ ಬೆಳಗಿನ ಚಹಾ ಕೊಡುತ್ತಾಳೆ. ಈ ಸಲ ಮಾತ್ರ ಆಕೆಯೇ ಪೆನ್ನು ತಂದುಕೊಟ್ಟಳು.

ಮೆಹಬೂಬಿಯದು ನಾಲ್ವರ ಮೇಳ. ಕ್ಲಾರಿನೆಟ್, ಪಿಟೀಲು, ಹಾರ್ಮೋನಿಯಂ, ತಾಳಕ್ಕೆ ಒಂದು ಮಣ್ಣಿನ ಕೊಡ. ಧ್ವನಿವರ್ಧಕದ ಹಂಗಿಲ್ಲ. ಮೊದಲೇ ಗೊತ್ತುಪಡಿಸಿದ ಹಾಡೂ ಇಲ್ಲ. ಒಬ್ಬರು ನುಡಿಸಿದ್ದನ್ನು ಕೇಳಿ ಇನ್ನೊಬ್ಬರು ಅಲ್ಲೇ ಉತ್ತರ ಹುಟ್ಟಿಸಬೇಕು. ಬ್ಯಾಡಗಿ ಮಾರುಕಟ್ಟೆಯ ಪಕ್ಕದ ಮಾಳಿಗೆಯಲ್ಲಿ ಅವರ ತಾಲೀಮು. ಮೆಣಸಿನಕಾಯಿಯ ಘಾಟಿಗೆ ನಾನೊಮ್ಮೆ ಸೀನಿದಾಗ ಕೊಡ ಅದಕ್ಕೂ ಮರುನುಡಿಯಿತು. ನನ್ನ ಮನವಿಗಳಿಗೆ ಅಷ್ಟು ಶೀಘ್ರವಾದ ಉತ್ತರ ಎಂದೂ ಬಂದಿಲ್ಲ.

ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ನುಡಿಸುವ ಅವಳ ತಂದೆ ಹುಸೇನಸಾಬರಿಗೆ ಇದು ಒಗ್ಗಿರಲಿಲ್ಲ. “ಹಾಡು ಯಾವುದಂತ ನಿನಗ ಗೊತ್ತಿಲ್ಲ, ಕೇಳಾವ್ರು ಏನ್ ಕೇಳಬೇಕವಾ?” ಎನ್ನುತ್ತಿದ್ದರು. “ಒಮ್ಮೆ ಬಂದು ಕೇಳು ಅಬ್ಬಾ, ಆಮ್ಯಾಲ ಬೈ” ಎಂದು ಮಗಳು ಹಟ ಹಿಡಿದಳು. ಅವರು ಮೆಚ್ಚದಿದ್ದರೆ ಮೇಳ ಬಿಟ್ಟು ಮನೆಯ ಬ್ಯಾಂಡಿಗೆ ಮರಳುವುದಾಗಿ ಮಾತನ್ನೂ ಕೊಟ್ಟಳು.

ಹಾಗೆ ಅವರು ರಾಣೆಬೆನ್ನೂರಿಗೆ ಬಂದು ಕುಳಿತ ಅಂದು, ಉಳಿದ ಮೂವರು ಬಹಳ ಹೊತ್ತು ನುಡಿಸಿ, ತಗ್ಗಿ, ತಗ್ಗಿ, ನಿಂತರು. ಆ ಮೌನದೊಳಗಿನಿಂದ ಕ್ಲಾರಿನೆಟ್ ಮೊದಲ ಬಾರಿಗೆ ಏಳಬೇಕಿತ್ತು. ಮೆಹಬೂಬಿ ಉಸಿರು ತುಂಬಿಕೊಂಡಳು. ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಭಾಷಣದ ಮೈಕ್ ಹಿಡಿದು, “ಮುಗೀತ್ ನೋಡ್ರಿ! ಮುಖ್ಯ ಅತಿಥಿ ಸಾಹೇಬ್ರು ಲಗೂ ಹೋಗಬೇಕಾಗೇತಿ, ಸನ್ಮಾನ, ವಂದನಾರ್ಪಣೆ ಎರಡೂ ಮಾಡಿಬಿಡೂಣು” ಎಂದರು.

“ಇನ್ನೂ ಮುಗದಿಲ್ರೀ!” ಎಂದು ನಾನು ಎದ್ದು ಕೂಗಿದೆ.

“ಹಿರಿಯರ, ಮನವಿ ಆಮ್ಯಾಲ ಕೊಡ್ರಿ. ಈಗ ಕುಂದರ್ರಿ.”

ಸಭೆ ನಕ್ಕಿತು. ನನ್ನ ಕೀರ್ತಿ ರಾಣೆಬೆನ್ನೂರಿನವರೆಗೂ ಹಬ್ಬಿದೆ ಎಂದು ಹಿಗ್ಗುವ ಗಳಿಗೆ ಅದಾಗಿರಲಿಲ್ಲ.

ತಬಲಾದ ತಾಳದಲ್ಲಿ, ಚಪ್ಪಾಳೆ ತಟ್ಟದೆ ಬರೀ ಕೈ ಬೀಸಿ ಎಣಿಸುವ ‘ಖಾಲಿ’ ಎಂಬ ಭಾಗವೊಂದಿದೆ. ಖಾಲಿ ಬಿದ್ದಿದೆಯೆಂದು ಅಲ್ಲಿ ಯಾರೂ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಅದಿಲ್ಲದೆ ತಾಳವೇ ಇಲ್ಲ. ಆದರೆ ನಮ್ಮ ಸಂಘಟಕರಿಗೆ ಮೌನ ಕಂಡೊಡನೆ ಮಾತು ಸುರಿಯುವ ಚಪಲ. ಅತಿಥಿಯ ಭಾಷಣ ಎಷ್ಟು ಉದ್ದವಾದರೂ ಅದನ್ನು ತುಂಡರಿಸುವ ಧೈರ್ಯ ತೋರದವರು, ಒಂದು ಹೆಣ್ಣುಮಗಳ ಉಸಿರನ್ನು ನಡುವೆಯೇ ತುಂಡರಿಸಿದರು. ಇದು ಅಜ್ಞಾನವಷ್ಟೇ ಅಲ್ಲ. ಯಾರ ಸಮಯ ಅಮೂಲ್ಯ, ಯಾರದು ಅಗ್ಗ ಎಂಬ ತೀರ್ಮಾನ.

ಮರಳುವಾಗ ಬಸ್ಸಿನಲ್ಲಿ ಹುಸೇನಸಾಬರು ಮಗಳಿಗೆ ಹೇಳಿದರು: “ನಿನ್ನ ಬಾರಿ ಬರೂದ್ರಾಗ ಮುಗಿಸಿದ್ರಲ್ಲವಾ. ಈಗ ನಾ ಹೌದ್ ಅನ್ಲೊ, ಅಲ್ಲ ಅನ್ಲೊ?” ಮಗಳು ಮಡಿಲಲ್ಲಿದ್ದ ಶಾಲನ್ನು ಮಡಚುತ್ತಲೇ ಇದ್ದಳು.

ಆದ್ದರಿಂದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಇದೇ ತಿಂಗಳು ಅದೇ ಸಭಾಂಗಣವನ್ನು ಆ ನಾಲ್ವರಿಗೆ ಮತ್ತೆ ತೆರೆಯಿರಿ. ಹುಸೇನಸಾಬರನ್ನು ನಿಮ್ಮ ಸಾಹೇಬರ ಕುರ್ಚಿಯಲ್ಲಿ ಕೂರಿಸಿರಿ. ನಾಲ್ವರೂ ವಾದ್ಯ ಕೆಳಗಿಟ್ಟು ಎದ್ದು ನಿಲ್ಲುವವರೆಗೆ ನಿಮ್ಮಲ್ಲಿ ಒಬ್ಬರೂ ವೇದಿಕೆ ಹತ್ತಕೂಡದು. ಶಾಲು ಹೊದಿಸದೆ ನಿಮಗೆ ನಿದ್ದೆಯೇ ಬಾರದೆಂದಾದರೆ, ಅದನ್ನು ಮೊದಲು ಮೈಕಿಗೆ ಹೊದಿಸಿರಿ. ಬಾಯಿ ಮುಚ್ಚುವಷ್ಟು ಬಿಗಿಯಾಗಿ.