ಸಂಪಾದಕೀಯದ ಕಡೆಯ ಪ್ಯಾರಾ

ಗೆಳೆಯರೇ, ಇವತ್ತು ಶಹಾಪುರದ ನಮ್ಮ ಓಣಿಯ ವಾಚನಾಲಯದಲ್ಲಿ ಒಂದು ಹಾಳೆಗಾಗಿ ಸಣ್ಣ ಪಂಚಾಯಿತಿ ನಡೆಯಿತು. ಅಲ್ಲಿಗೆ ಬರುವ ಇಂಗ್ಲಿಷ್ ಪತ್ರಿಕೆ ಒಂದೇ. ಹಿರಿಯರು ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಂಡು ಓದುತ್ತಾರೆ. ಸಂಪಾದಕೀಯದ ಹಾಳೆ ನಿವೃತ್ತ ಶಿಕ್ಷಕ ಶಿವಶರಣಪ್ಪ ಮಾಸ್ತರರದು. ನನಗೆ ಬೇಕಾದದ್ದೂ ಅದೇ. ಭಾನುವಾರ ಎಂಬಿಎ ಪ್ರವೇಶ ಪರೀಕ್ಷೆ ಇದೆ. ಅಣಕು ಪರೀಕ್ಷೆಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಇಂಗ್ಲಿಷ್ ಓದಿ ಉತ್ತರಿಸುವ ಭಾಗದಲ್ಲೇ ಪ್ರತಿ ಸಲ ಅಂಕ ಹೋಗುತ್ತವೆ.

“ಹತ್ತು ನಿಮಿಷ ಕೊಡ್ರಿ ಸರ್, ಪರೀಕ್ಷಾ ಬಂದೈತ್ರಿ.”

“ಕೊಡ್ತೀನಿ. ಆದ್ರ ಏನ್ ಓದಿದಿ ಅಂತ ನನಗ ಹೇಳಬೇಕು ನೋಡವ್ವ.”

ಮೊಬೈಲಿನಲ್ಲಿ ಟೈಮರ್ ಇಟ್ಟು ಆರೇ ನಿಮಿಷಕ್ಕೆ ಮುಗಿಸಿದೆ. “ಹಳೀ ಮಾರ್ಕೆಟ್ ಕೆಡವಿ ಹೊಸಾದು ಕಟ್ಟಬೇಕು ಅಂತ ಬರದಾರ್ರಿ,” ಎಂದೆ.

“ಹಂಗ ಅನ್ನೋರದು ತಪ್ಪು ಅಂತ ಬರದಾರ. ಕಡೀ ಪ್ಯಾರಾ ಓದಿಯೇನು?”

ಓದಿರಲಿಲ್ಲ. ಸಮಯ ಉಳಿಸಲು ಕಡೆಯ ಪ್ಯಾರಾ ಬಿಡುವುದು ನಾನೇ ಕಂಡುಕೊಂಡಿದ್ದ ಉಪಾಯ. ಮೂರು ತಿಂಗಳಿಂದ ಅಂಕಗಳು ಎಲ್ಲಿ ಹೋಗುತ್ತಿದ್ದವು ಎಂಬುದು ಇವತ್ತು ತಿಳಿಯಿತು.

“ನಾಳೆ ಒಂಬತ್ತಕ್ಕ ಬಾ. ಭಾನುವಾರತನ ಈ ಹಾಳಿ ಮೊದಲ ನಿನಗ,” ಎಂದರು ಮಾಸ್ತರರು. “ದಿನಾ ಕೇಳತೀನಿ ಮತ್ತ.”

ಪಕ್ಕದಲ್ಲಿದ್ದ ಮಹಬೂಬ್ ಸಾಬರು ತಮ್ಮ ಪಾಲಿನ ಆಟದ ಹಾಳೆಯನ್ನು ನನ್ನತ್ತ ಸರಿಸಿದರು. “ಇದನ್ನ ಓದು ಬೇಟಿ. ನಾ ಏನೂ ಕೇಳಂಗಿಲ್ಲ.”

ನಾಳೆ ಒಂಬತ್ತಕ್ಕೆ ಮಾಸ್ತರರ ಮುಂದೆ ಕೂರುತ್ತೇನೆ. ಸಾಬರ ಹಾಳೆಯನ್ನು ಸೋಮವಾರ ಓದುತ್ತೇನೆ.