ಪಾನಕದ ಗಡಿಗೆಯ ಕೆಳಗೆ ಯುಕುಲೆಲಿ

ಕಳೆದ ವಾರ, ರಾಮನವಮಿಯ ದಿನ, ನಮ್ಮ ಯಜಮಾನರು ಹಲಸೂರಿನ ಬೀದಿಯಲ್ಲಿ ನಿಂತು ಜಟಕಾ ಕುದುರೆಗೂ ಪಾನಕ ಕುಡಿಸಲು ನೋಡಿದರು. ಕುದುರೆ ಒಪ್ಪಲಿಲ್ಲ. ಅದರ ಪಾಲನ್ನೂ ಜಟಕಾದವನೇ ಕುಡಿದ.

ಇವರಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತು? ಪ್ರತಿ ವರ್ಷ "ಒಂದು ಗಳಿಗೆ ಬಂದು ಪಾನಕ ಹಂಚಿ" ಎಂದು ನಾನು ಗೋಗರೆಯುವುದು, ಇವರು ಉಳಿ ಹಿಡಿದು ಹಿತ್ತಿಲಿಗೆ ಜಾರುವುದು. ನಮ್ಮ ಮನೆಯ ರಾಮನವಮಿ ಎಂದರೆ ಇಷ್ಟೇ.

ಇವರು ಕುರ್ಚಿ ಮೇಜು ಮಾಡುವ ಬಡಗಿ. ಮಹಾಯುದ್ಧ ಮುಗಿದ ಮೇಲೆ ಯುಕುಲೆಲಿಯ ಹುಚ್ಚು ಹತ್ತಿದೆ. (ನಾಲ್ಕು ತಂತಿಯ ಪುಟ್ಟ ಗಿಟಾರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಸೋಲ್ಜರುಗಳು ಬಿಟ್ಟುಹೋದ ಕಾಯಿಲೆಗಳಲ್ಲಿ ಇದೂ ಒಂದು.) ಅದರ ಪೆಟ್ಟಿಗೆಯ ಸುತ್ತುಗೋಡೆ ನೆಟ್ಟಗಿರುವುದಿಲ್ಲ, ಇಂಗ್ಲಿಷಿನ ಎಂಟರ ಹಾಗೆ ನಡುವೆ ಸೊಂಟ ಬಾಗಿರುತ್ತದೆ. ಗಟ್ಟಿ ಹಲಗೆಯನ್ನು ಹಾಗೆ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕೆ ಕಾಗದದಷ್ಟು ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಹಸಿ ಇರುವಾಗಲೇ ಅಚ್ಚಿಗೆ ಸುತ್ತಿ, ಬಿಗಿಯಾಗಿ ಕಟ್ಟಿ ಒಣಗಿಸಬೇಕು. ಕಟ್ಟುವುದಕ್ಕೆ ಏನು? ನನ್ನ ಹಳೇ ಸೀರೆಯ ಅಂಚು. (ಆ ಅಂಟಿನ ವಾಸನೆ ಹಿತ್ತಿಲು ದಾಟಬಾರದು ಎಂದು ಕರಾರು ಮಾಡಿದ್ದೇನೆ. ದೇವರ ಮನೆ ಇರುವುದು ಅಡುಗೆಮನೆಯ ಪಕ್ಕದಲ್ಲಿ.)

ಮೊದಲು ಮಾಡಿದ ಸುತ್ತುಗೋಡೆಗಳು ಸೊಟ್ಟಗಾದವು. ಇವರು ಎಸೆಯಲು ಹೊರಟರು, ನಾನು ಬಿಡಲಿಲ್ಲ. ತಳ ಉರುಟಾದ ಗಡಿಗೆ ಉರುಳದಂತೆ ಇಡುವುದಕ್ಕೆ ಅಂಥ ಸಿಂಬಿ ಹಲಸೂರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ? ಒಂದರ ಮೇಲೆ ಮಜ್ಜಿಗೆ ಕೂತಿತು, ಇನ್ನೊಂದರ ಮೇಲೆ ಕುಡಿಯುವ ನೀರು. ಗಂಡ ಸೋತರೂ ಮನೆಗೆ ಲಾಭ. ದೇವರು ದೊಡ್ಡವನು.

ಹಬ್ಬದ ಬೆಳಿಗ್ಗೆ, ಬೀದಿಯ ಪಾನಕದ ಯಜಮಾನಿಕೆ ನೋಡುವ ಅಲಮೇಲಮ್ಮನವರು ಬಾಗಿಲಿಗೆ ಬಂದರು. "ಹೊಸಾ ಗಡಿಗೆ ಕಣಮ್ಮ, ಕೂರ್ತಾನೇ ಇಲ್ಲ. ಒಂದು ಸಿಂಬಿ ಕೊಡು."

ಒಲೆಯ ಹಿಂದಿನ ಗೂಡಿನಲ್ಲಿ ಹೊಸದೊಂದು ಇತ್ತು. ರಾಮನಿಗೆ ಹಳೆಯದು ಕೊಡುವುದೇ? ಹೊಸದನ್ನೇ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಇವರು ಗೂಡು ತಡಕಿದರು. "ಇಲ್ಲಿದ್ದದ್ದು ಎಲ್ಲೇ?"

"ಪಾನಕದ ಕೆಳಗಿದೆ."

"ಅದು ಪೀಟರಿಂದು ಕಣೇ. ಬರೋ ಭಾನುವಾರ ಅವನ ತಂಗಿ ಮದುವೆ."

ಪೀಟರ್ ಎಂದರೆ ದಂಡಿನ ರೈಲ್ವೆ ಗುಮಾಸ್ತ. ತಂಗಿಯ ಮದುವೆಯಲ್ಲಿ ತಾನೇ ನುಡಿಸುತ್ತೇನೆಂದು ಹಟ ಹಿಡಿದು ಇವರ ಕೈಯಲ್ಲಿ ಮಾಡಿಸುತ್ತಿದ್ದ. ಹೊರಗಿನವರು ಇವರನ್ನು ನಂಬಿ ಕೇಳಿದ ಮೊಟ್ಟಮೊದಲ ವಾದ್ಯ. ಮಿಕ್ಕ ಭಾಗಗಳೆಲ್ಲ ತಯಾರಿದ್ದವು. ಕೊನೆಗೂ ಒಂದು ಸುತ್ತುಗೋಡೆ ಸರಿಯಾಗಿ ಕೂತಿತ್ತು, ಕರಾರು ಮೀರಿ, ನನಗೆ ಹೇಳದೆ, ಒಲೆಯ ಕಾವಿಗೆ ಒಣಗಲೆಂದು ಇಟ್ಟಿದ್ದರು. ಒಲೆಯ ಪಕ್ಕ ಇಟ್ಟದ್ದು ಅಡುಗೆಯವಳದು ಎಂದು ನಾನು ತಿಳಿದರೆ ತಪ್ಪೇ?

ಓಡಿದೆವು. ಹೊಸ ಮಣ್ಣಿನ ಗಡಿಗೆ ಬೆವರುತ್ತಿತ್ತು. ಆ ಅಂಟಿಗೆ ನೀರು ಬಿದ್ದರೆ ಹಾಳೆಗಳು ಬಿಟ್ಟುಕೊಳ್ಳುತ್ತವಂತೆ. ಇವರು ಗಡಿಗೆಗೆ ಕೈ ಹಾಕಿದರು.

"ಮುಟ್ಬೇಡಪ್ಪ," ಎಂದರು ಅಲಮೇಲಮ್ಮ. "ನೈವೇದ್ಯ ಆಗಿದೆ. ಖಾಲಿ ಆಗೋವರ್ಗೂ ಎತ್ತೋ ಹಾಗಿಲ್ಲ."

ಇವರು ಗಡಿಗೆ ನೋಡಿದರು, ಅಲಮೇಲಮ್ಮನವರ ಮುಖ ನೋಡಿದರು. ಸೌಟು ಕೈಗೆತ್ತಿಕೊಂಡರು.

ಆಮೇಲಿನದನ್ನು ಇಡೀ ಬೀದಿಯೇ ನೋಡಿತು. ಹೂವಿನವಳಿಗೆ ಕೊಟ್ಟರು. ಶಿವಾಜಿನಗರದ ಕಡೆ ಹೊರಟಿದ್ದ ಸೈಕಲ್ ಸವಾರರನ್ನು ಅಡ್ಡಗಟ್ಟಿ ಕೊಟ್ಟರು. ಕುಡಿದವರು ಬಾಯಿ ಒರೆಸುವಷ್ಟರಲ್ಲಿ "ಇನ್ನೊಂದು ಲೋಟ ಸ್ವಾಮಿ" ಎಂದು ಮತ್ತೆ ಸುರಿದರು. ಯಾರೂ ಸಿಗದಿದ್ದಾಗ ತಾವೇ ಕುಡಿದರು. ಕುದುರೆಯ ವಿಷಯ ಆಗಲೇ ಹೇಳಿದೆ.

ಗಡಿಗೆ ಅರ್ಧ ಇಳಿದಿತ್ತು. ಅಲಮೇಲಮ್ಮನವರಿಗೆ ಕಣ್ಣು ತುಂಬಿ ಬಂತು. "ಇಂಥ ಸೇವೆ ನಾನು ಕಂಡೇ ಇಲ್ಲಪ್ಪ," ಎನ್ನುತ್ತಾ ಹಿಂದಿನಿಂದ ಒಂದು ಕೊಡ ಪಾನಕ ತಂದು ಗಡಿಗೆಗೆ ಸುರಿದರು.

ಇವರ ಮುಖ ನೋಡಬೇಕಿತ್ತು.

"ಇನ್ನೂ ಇದೆಯಾ ಅಮ್ಮಾ?"

"ಬೆಲ್ಲ ಮುಗೀತಪ್ಪ, ಇಷ್ಟೇ. ಯಾಕೆ, ಸಾಲಲ್ವಾ?"

ಬೆಲ್ಲ ಸಿಗದ ಈ ರೇಷನ್ ಕಾಲಕ್ಕೆ ನಾನು ಮೊದಲ ಸಲ ಕೈಮುಗಿದೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗಡಿಗೆಯ ತಳ ಕಂಡಿತು. ಇವರು ಸಿಂಬಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡರು. ಒಂದು ಅಂಚು ಮಾತ್ರ ಬಿಟ್ಟುಕೊಂಡಿತ್ತು. ಮತ್ತೆ ಅಂಟು, ಮತ್ತೆ ನನ್ನ ಸೀರೆಯ ಅಂಚು. ಭಾನುವಾರ ಪೀಟರ್ ನುಡಿಸಿದ, ತಂಗಿ ಕುಣಿದಳು. ಸೋಮವಾರ ಪೀಟರ್ ಮನೆಗೆ ಬಂದ. "ಫಸ್ಟ್ ಕ್ಲಾಸ್ ಆಗಿದೆ ಮೇಸ್ತ್ರಿ. ಆದ್ರೆ ಒಳಗಿಂದ ಇರುವೆ ಯಾಕ್ ಬರ್ತಿದೆ?"

"ಮರ ಒಳ್ಳೇದು," ಎಂದರು ಇವರು, ನನ್ನ ಕಡೆ ನೋಡದೆ.

ಬೀದಿಯವರು ಮುಂದಿನ ವರ್ಷದ ಪಾನಕದ ಸೌಟನ್ನು ಇವರಿಗೇ ಒಪ್ಪಿಸಿದ್ದಾರೆ. ಗಂಡನಿಗೆ ಒಂದಿಷ್ಟು ಭಕ್ತಿ ಕೊಡು ಎಂದು ಮದುವೆಯಾದಾಗಿನಿಂದ ರಾಮನನ್ನು ಬೇಡುತ್ತಿದ್ದೆ. ಕೊಟ್ಟಿದ್ದಾನೆ. ಯಾವ ದಾರಿಯಲ್ಲಿ ಕೊಟ್ಟೆ ಎಂದು ಕೇಳಲು ನಾನು ಯಾರು?